ಅಪ್‌ಡೇಟ್: ಗಂಗಾವತಿ ರೈಸ್ ಮಿಲ್ ಆ್ಯಪ್, ಕೊನೆಗೆ ಏನಾಯ್ತು

ಭತ್ತದ ಲಾರಿಗಳ ಲೆಕ್ಕಕ್ಕೆ ಲೋ-ಕೋಡ್ ಪ್ಲಾಟ್‌ಫಾರ್ಮ್ (ಕೋಡ್ ಹೆಚ್ಚು ಬರೆಯದೆ, ಪರದೆ ಮೇಲೆ ಡಬ್ಬಿಗಳನ್ನ ಎಳೆದು ಜೋಡಿಸಿ ಆ್ಯಪ್ ಮಾಡೋದು) ತಗೊಳ್ಳೋದಾ, ಇಲ್ಲಾ ಕೋಡ್ ಬರೆಸೋದಾ ಅಂತ ಮಾರ್ಚ್‌ನಲ್ಲಿ ಇಲ್ಲೇ ಕೇಳಿದ್ದೆ. ಮೊದಲನೇದೇ ತಗೊಂಡ್ವಿ.

ಶುರು ಭರ್ಜರಿ. ಎರಡೇ ವಾರದಲ್ಲಿ ಗೇಟ್ ಎಂಟ್ರಿ, ತೇವಾಂಶ, ವೇಬ್ರಿಜ್ ಚೀಟಿ ಫೋಟೊ ಎಲ್ಲಾ ಫೋನಿಗೆ ಬಂತು. ಬಿಸಿ ಮುಟ್ಟಿದ್ದು ಸುಗ್ಗಿಯಲ್ಲಿ. ಪ್ಲಾಟ್‌ಫಾರ್ಮ್ ದರ ಬಳಸೋರ ತಲೆಗಿಷ್ಟು ಅಂತ ಇತ್ತು. 5 ಜನ ಬಳಸ್ತಿದ್ದದ್ದು ನವೆಂಬರ್‌ಗೆ 17 ಆದ್ರು, ಬಿಲ್ಲೂ ಮೂರು ಪಟ್ಟು ದಾಟ್ತು. "ತಮ್ಮಾ, ಇದು ಬಾಡಿಗಿ ಮನಿ ಇದ್ದಂಗಾತಲ್ಲೋ" ಅಂದ್ರು ಮಾಲೀಕರು. ಎಲ್ಲರಿಗೂ ಒಂದೇ ಲಾಗಿನ್ ಕೊಡೋಣ ಅಂತ ಮುನೀಮರು. ಆಮೇಲೆ ಯಾವ ಲಾರಿ ಯಾರು ಬರೆದದ್ದು ಅಂತ ಹೇಳೋರ‍್ಯಾರು? ನಾನು ಒಪ್ಪಲಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಕಡಿತದ ಲೆಕ್ಕ. ಚೀಲ 75 ಕೆಜಿ, ತೇವಾಂಶ ಶೇ 17 ದಾಟಿದ್ರೆ ಇಷ್ಟು ಕಡಿತ, ಮೇಲೆ ಹಮಾಲಿ, ಹಳೇ ಗಿರಾಕಿಗೆ ಬೇರೆ ದರ. ಡಬ್ಬಿ ಎಳೆದು ಜೋಡಿಸ್ತಾ ಹೋಗಿ 40 ಡಬ್ಬಿ ಆದವು. ಒಬ್ಬ ರೈತಗೆ ಎರಡು ಸಲ ಕಡಿತ ಆಗಿತ್ತು. ತಪ್ಪು ಹುಡುಕೋಕೆ ಇಡೀ ರಾತ್ರಿ ಬೇಕಾಯ್ತು.

ಕೊನೆಗೆ ಆ ಪ್ಲಾಟ್‌ಫಾರ್ಮ್ ಬಿಟ್ವಿ. "ಹೊರಗೆ ಬರೋ ದಾರಿ ಮೊದಲೇ ನೋಡ್ಕೊ" ಅಂತ ಮಾರ್ಚ್‌ನಲ್ಲಿ ಉತ್ತರ ಕೊಟ್ಟಿದ್ದವರಿಗೆ ಕೈ ಮುಗಿದೆ. ಡೇಟಾ ಸಿಎಸ್‌ವಿಯಲ್ಲಿ (ಎಕ್ಸೆಲ್‌ನಲ್ಲೂ ತೆರೆಯೋ ಸರಳ ಪಟ್ಟಿ ಫೈಲ್) ಸಲೀಸಾಗಿ ಬಂತು, ಆ 40 ಡಬ್ಬಿ ಮಾತ್ರ ಅಲ್ಲೇ ಉಳಿದವು. ಎಲ್ಲಾ ಪೈಥಾನ್ ಅನ್ನೋ ಕೋಡ್ ಭಾಷೆಯಲ್ಲಿ ಮತ್ತೆ ಬರೆದೆ.

ಈಗ ಫ್ರಾಪೆ (ಪೈಥಾನ್‌ನಲ್ಲಿ ಆ್ಯಪ್ ಕಟ್ಟೋ ಚೌಕಟ್ಟು), ನಮ್ಮದೇ ಸರ್ವರ್. ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ಲರಿಗೂ ಮುಕ್ತ; ತಲೆಲೆಕ್ಕ ಇಲ್ಲ. ಆದ್ರೆ ಬ್ಯಾಕಪ್, ಅಪ್‌ಡೇಟ್ ಎಲ್ಲಾ ನನ್ನ ಕೊರಳಿಗೆ; ಹೋದ ಭಾನುವಾರ ಡಿಸ್ಕ್ ತುಂಬಿ, ಊಟ ಬಿಟ್ಟು ಮಿಲ್ಲಿಗೆ ಓಡಿದೆ.