ಚಕ್ರ ಮೊದಲಿಗಿಂತ ಜೋರು, ಆಂಪ್ಸ್ ಮಾತ್ರ ಕಮ್ಮಿ: ಮನೆ ಹೈಡ್ರೋದ ಮ್ಯಾಗ್ನೆಟ್ ಸೋತಿದೆಯಾ?

ಹಳ್ಳದಂಚು:
ಎಲ್ಲರಿಗೂ ನಮಸ್ಕಾರ. ಕಳಸದ ಹತ್ತಿರ ನಮ್ಮ ತೋಟ. ಮೇಲಿನ ಹಳ್ಳದಿಂದ ಪೈಪ್ ಎಳೆದು ಸಣ್ಣ ಪೆಲ್ಟನ್ ಚಕ್ರ (ನೀರಿನ ಜೆಟ್ ಬುಟ್ಟಿಗಳಿಗೆ ಬಡಿದು ತಿರುಗೋದು) ಕೂರಿಸಿದ್ದೇವೆ, 24 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡೋಕೆ. ಜನರೇಟರ್ ಮನೆಯಲ್ಲೇ ಕಟ್ಟಿದ್ದು. ಎದುರುಬದುರು ಎರಡು ಕಬ್ಬಿಣದ ಡಿಸ್ಕ್, ಒಂದೊಂದರ ಮೇಲೂ 12 ನಿಯೋಡಿಮಿಯಮ್ ಮ್ಯಾಗ್ನೆಟ್, ನಡುವೆ ರೆಸಿನ್‌ನಲ್ಲಿ ಎರಕ ಹೊಯ್ದ 9 ಕಾಯಿಲ್, ತ್ರೀ ಫೇಸ್. ಮ್ಯಾಗ್ನೆಟ್ ಬಿಲ್ಲಿನಲ್ಲಿ ಎನ್52 ಅಂತ ಬರೆದಿದೆ, ಬೇರೇನೂ ಇಲ್ಲ.

ಹೊಸದರಲ್ಲಿ ಬ್ಯಾಟರಿಗೆ 18 ಆಂಪ್ಸ್ ಹೋಗುತ್ತಿತ್ತು. ಈಗ 12 ದಾಟುತ್ತಿಲ್ಲ. ನೀರು ಕಮ್ಮಿಯಾಗಿಲ್ಲ, ಪ್ರೆಶರ್ ಗೇಜ್ ಹಿಂದಿನಷ್ಟೇ ತೋರಿಸುತ್ತಿದೆ, ನಾಜಲ್ ಬಿಚ್ಚಿ ತೊಳೆದಾಯಿತು. ವಿಚಿತ್ರ ಏನಂದ್ರೆ, ಚಕ್ರ ಮೊದಲಿಗಿಂತ ಜೋರಾಗಿ ತಿರುಗುತ್ತಿದೆ. ಸದ್ದು ಕೇಳಿದರೇ ಗೊತ್ತಾಗುತ್ತೆ. ಜೋರಾಗಿ ತಿರುಗಿದರೆ ಕರೆಂಟ್ ಜಾಸ್ತಿ ಬರಬೇಕಲ್ಲವಾ? ಕಾಯಿಲ್ ಸುಟ್ಟಿದೆಯೋ, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡೋ ಡಯೋಡ್ ಜೋಡಣೆ) ಹೋಗಿದೆಯೋ, ಎಲ್ಲಿಂದ ಹುಡುಕೋಕೆ ಶುರುಮಾಡಲಿ? ಕೈಯಲ್ಲಿ ಇರೋದು ಹರ್ಟ್ಜ್ ತೋರಿಸೋ ಮಲ್ಟಿಮೀಟರ್ ಒಂದೇ.

ವೈಂಡಿಂಗ್_ಭಟ್ಟ:
ಅಷ್ಟು ಸಾಕು ಮಾರಾಯ್ರೆ, ಏನನ್ನೂ ಬಿಚ್ಚಬೇಡಿ ಈಗಲೇ.

ಮೊದಲು ಜನರೇಟರ್‌ನ ಮೂರೂ ವೈರನ್ನು ಬ್ರಿಡ್ಜ್‌ನಿಂದ ಬಿಡಿಸಿ. ಗೇಟ್‌ವಾಲ್ವ್ ಸ್ವಲ್ಪವೇ ತೆರೆಯಿರಿ. ಲೋಡ್ ಇಲ್ಲದೆ ಪೂರ್ತಿ ನೀರು ಬಿಟ್ಟರೆ ಪೆಲ್ಟನ್ ಹೆಚ್ಚುಕಮ್ಮಿ ಎರಡರಷ್ಟು ವೇಗಕ್ಕೆ ಓಡುತ್ತೆ, ಮನೆಯಲ್ಲಿ ಮಾಡಿದ ಡಿಸ್ಕಿಗೆ ಅದು ಒಳ್ಳೆಯದಲ್ಲ. ನಿಧಾನಕ್ಕೆ ತಿರುಗುವಾಗ ಎರಡೆರಡು ವೈರ್ ನಡುವಿನ ಎಸಿ ವೋಲ್ಟ್ ನೋಡಿ, ಮೂರು ಜೋಡಿಗೂ. ಪ್ರತಿ ಸಲ ಹರ್ಟ್ಜ್ ಕೂಡ ಬರೆದುಕೊಳ್ಳಿ. ನಿಮ್ಮದು 12 ಪೋಲ್ (ಡಿಸ್ಕಿನ ಸುತ್ತ 12 ಧ್ರುವ), ಅಂದರೆ ಹರ್ಟ್ಜ್ ಅನ್ನು ಹತ್ತರಿಂದ ಗುಣಿಸಿದರೆ ಅದೇ ಆರ್‌ಪಿಎಂ. ಬೇರೆ ಟ್ಯಾಕೋಮೀಟರ್ ಬೇಡ.

ಮೂರು ಜೋಡಿಯಲ್ಲಿ ಒಂದು ಬೇರೆ ತೋರಿಸಿದರೆ ತೊಂದರೆ ಕಾಯಿಲ್‌ನಲ್ಲಿ ಅಥವಾ ಜಾಯಿಂಟ್‌ನಲ್ಲಿ. ಮೂರೂ ಸಮನಾಗಿ ಬಿದ್ದಿದ್ದರೆ ತೊಂದರೆ ತಿರುಗೋ ಭಾಗದಲ್ಲಿ. ಯಾಕಂದ್ರೆ ಒಂದು ಮ್ಯಾಗ್ನೆಟ್ ಸೋತರೂ ಅದು ಎಲ್ಲ ಕಾಯಿಲ್‌ಗಳ ಮುಂದೆಯೂ ಹಾದುಹೋಗುತ್ತೆ, ನಷ್ಟ ಮೂವರಿಗೂ ಸಮ. ಕಾಯಿಲ್ ಹಾಗಲ್ಲ, ಕೂತಲ್ಲೇ ಕೂತಿರುತ್ತೆ, ಹಾಳಾದರೆ ತನ್ನ ಫೇಸ್ ಒಂದನ್ನೇ ಕೆಡಿಸುತ್ತೆ. ಬ್ರಿಡ್ಜ್ ಹೇಗೂ ಈ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ.

ಹಳ್ಳದಂಚು:
ನೋಡಿದೆ ಭಟ್ರೆ. 48 ಹರ್ಟ್ಜ್‌ನಲ್ಲಿ 30.7, 30.6, 30.8 ವೋಲ್ಟ್. ಹೊಸದಾಗಿ ಓಡಿಸಿದಾಗ ಪುಸ್ತಕದಲ್ಲಿ ಬರೆದಿಟ್ಟಿದ್ದು ಸಿಕ್ಕಿತು: 50 ಹರ್ಟ್ಜ್‌ಗೆ 40 ವೋಲ್ಟ್.

ಲ್ಯಾಬ್_ಮೇಷ್ಟ್ರು:
ಹಳೇ ಲೆಕ್ಕ ಬರೆದಿಟ್ಟಿದ್ದಕ್ಕೆ ನಿಮಗೊಂದು ನಮಸ್ಕಾರ. ಇಂಥ ಪ್ರಶ್ನೆ ಕೇಳುವವರಲ್ಲಿ ಅದು ಇರುವುದೇ ಅಪರೂಪ.

ವೋಲ್ಟನ್ನು ಹರ್ಟ್ಜ್‌ನಿಂದ ಭಾಗಿಸಿ. ಆಗ 0.80, ಈಗ 0.64. ವೇಗದ ಮಾತು ಇಲ್ಲಿಗೆ ಮುಗಿಯಿತು, ಕಾಯಿಲ್ ಸುತ್ತು ಬದಲಾಗಿಲ್ಲ, ಉಳಿದದ್ದು ಕಾಯಿಲ್ ಮೂಲಕ ಹಾಯುವ ಫ್ಲಕ್ಸ್, ಅಂದರೆ ಮ್ಯಾಗ್ನೆಟ್ಟಿನ ಕಾಂತ ಹರಿವು. ಅದು ಶೇ. 20 ಕಮ್ಮಿಯಾಗಿದೆ. ಡಿಸ್ಕ್‌ಗಳ ನಡುವಿನ ಅಂತರ ಯಾರೂ ಮುಟ್ಟಿಲ್ಲ ಅಂದರೆ ಮ್ಯಾಗ್ನೆಟ್ಟೇ ಸೋತಿದೆ.

ಚಕ್ರ ಜೋರಾಗಿ ತಿರುಗುವುದಕ್ಕೂ ಇದೇ ಕಾರಣ. ವೋಲ್ಟೇಜ್ ಬ್ಯಾಟರಿಯ ಹಿಡಿತದಲ್ಲಿದೆ. ಅಷ್ಟು ವೋಲ್ಟ್ ಹುಟ್ಟಿಸಲು ಸೋತ ಮ್ಯಾಗ್ನೆಟ್ ಹೆಚ್ಚು ವೇಗವಾಗಿ ತಿರುಗಬೇಕು. ಮೊದಲು ಸುಮಾರು 22 ಹರ್ಟ್ಜ್‌ಗೆ ಚಾರ್ಜಿಂಗ್ ಶುರುವಾಗುತ್ತಿತ್ತು, ಈಗ 28 ಆಗುವವರೆಗೆ ಕಾಯಬೇಕು. ಜೊತೆಗೆ ಪೆಲ್ಟನ್ ಬುಟ್ಟಿಗಳು ಜೆಟ್ಟಿನ ವೇಗದ ಅರ್ಧದಷ್ಟರಲ್ಲಿ ಓಡುವಾಗ ಮಾತ್ರ ನೀರಿನ ಶಕ್ತಿಯನ್ನು ಚೆನ್ನಾಗಿ ಹೀರುತ್ತವೆ. ಅದನ್ನು ದಾಟಿದ ಮೇಲೆ ವೇಗ ಏರಿದಷ್ಟೂ ನಷ್ಟ.

ಇನ್ನೊಂದು ಪರೀಕ್ಷೆ ಬಾಕಿ ಇದೆ. ನಿಯೋಡಿಮಿಯಮ್ ಬಿಸಿಯಾದಾಗ ಪ್ರತಿ ಡಿಗ್ರಿಗೆ ಶೇ. 0.12ರಷ್ಟು ಬಲ ಕಳೆದುಕೊಂಡು, ತಣಿದ ಮೇಲೆ ವಾಪಸ್ ಪಡೆಯುತ್ತೆ. ಅದು ರೋಗವಲ್ಲ, ಅದರ ಸ್ವಭಾವ. ತಣಿದ ಮೇಲೂ ವಾಪಸ್ ಬರದಿರುವುದೇ ರೋಗ. ಹಾಗಾಗಿ ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಫುಲ್ ಲೋಡಿನಲ್ಲಿ ಓಡಿಸಿ ನಿಲ್ಲಿಸಿದ ತಕ್ಷಣ ಒಮ್ಮೆ ಈ 0.64 ಎಷ್ಟಾಗುತ್ತೆ ನೋಡಿ.

ಹಳ್ಳದಂಚು:
ಬೆಳಿಗ್ಗೆ 0.64. ಲೋಡಿನಲ್ಲಿ ಓಡಿಸಿ ತಕ್ಷಣ ಅಳೆದರೆ 0.61. ಮಾರನೇ ಬೆಳಿಗ್ಗೆ ಮತ್ತೆ 0.64.

ಇನ್ನೊಂದು ವಿಷಯ ಹೇಳಬೇಕಿತ್ತು. ಎರಚಲು ಬೀಳುತ್ತೆ ಅಂತ ಕಳೆದ ಮಳೆಗಾಲದಲ್ಲಿ ಜನರೇಟರ್‌ಗೆ ತಗಡಿನ ಡ್ರಮ್ ಹೊದಿಸಿದ್ದೇವೆ. ಚಕ್ರದ ಕಡೆ ಸ್ವಲ್ಪ ಸಂದಿ ಇದೆ, ಹಿಂಭಾಗ ಪೂರ್ತಿ ಮುಚ್ಚಿದೆ. ಆ ಹಿಂಭಾಗ ಕೈ ಇಡೋಕಾಗದಷ್ಟು ಬಿಸಿ ಇತ್ತು.

ಲ್ಯಾಬ್_ಮೇಷ್ಟ್ರು:
ಸಿಕ್ಕಿತು. 0.64ರಿಂದ 0.61ಕ್ಕೆ ಇಳಿದದ್ದು ಹತ್ತಿರ ಹತ್ತಿರ ಶೇ. 5. ಅಂದರೆ ಮ್ಯಾಗ್ನೆಟ್‌ಗಳು ಸರಾಸರಿ 40 ಡಿಗ್ರಿ ಏರಿವೆ. ನಮ್ಮೂರ ಹವೆಗೆ ಅದನ್ನು ಕೂಡಿಸಿದರೆ 65 ಡಿಗ್ರಿ ಆಸುಪಾಸು, ಗಾಳಿಯಾಡದ ಹಿಂಬದಿಯಲ್ಲಿ ಇನ್ನೂ ಜಾಸ್ತಿ.

ಎನ್52ರಲ್ಲಿ ಆ 52 ಹೇಳುವುದು ಬಲವನ್ನು ಮಾತ್ರ. ತಾಳಿಕೆಯನ್ನು ಹೇಳುವುದು ಅದರ ಮುಂದಿನ ಅಕ್ಷರ. ಅಕ್ಷರವೇ ಇಲ್ಲದಿದ್ದರೆ 80 ಡಿಗ್ರಿ, ಎಂ ಇದ್ದರೆ 100, ಎಚ್ 120, ಎಸ್‌ಎಚ್ 150, ಯುಎಚ್ 180. ಮಾರುವವರು ದೊಡ್ಡ ಸಂಖ್ಯೆ ತೋರಿಸಿ ಮಾರುತ್ತಾರೆ, ಅಕ್ಷರದ ಸುದ್ದಿ ಎತ್ತುವುದಿಲ್ಲ. ಆ 80 ಕೂಡ ಎಲ್ಲ ಆಕಾರಕ್ಕೂ ಅನ್ವಯಿಸುವುದಿಲ್ಲ. ತೆಳ್ಳಗಿನ ಮ್ಯಾಗ್ನೆಟ್, ಎದುರಿಗೆ ದೊಡ್ಡ ಅಂತರ ಇದ್ದರೆ 80 ತಲುಪುವ ಮೊದಲೇ ಸೋಲುತ್ತೆ.

ಸೋಲುವುದು ಯಾಕೆಂದರೆ, ಪ್ರತಿ ಮ್ಯಾಗ್ನೆಟ್ಟಿನ ಒಳಗೂ ಅದರದೇ ಧ್ರುವಗಳು ಹುಟ್ಟಿಸಿದ ಎದುರು ಕ್ಷೇತ್ರವೊಂದು ಸದಾ ಕೆಲಸ ಮಾಡುತ್ತಿರುತ್ತೆ. ಅದನ್ನು ತಡೆದುಕೊಳ್ಳುವ ಗುಣಕ್ಕೆ ಕೊಯರ್ಸಿವಿಟಿ ಅನ್ನುತ್ತೇವೆ. ನಿಯೋಡಿಮಿಯಮ್‌ನಲ್ಲಿ ಬಿಸಿಗೆ ಬಲಕ್ಕಿಂತ ಬೇಗ ಕುಸಿಯುವುದು ಇದೇ, ಡಿಗ್ರಿಗೆ ಶೇ. 0.6ರಷ್ಟು. 20ರಿಂದ 80 ಡಿಗ್ರಿಗೆ ಹೋಗುವಷ್ಟರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುತ್ತೆ. ಆಗ ಒಳಗಿನ ಕೆಲವು ಕಣಗಳು ದಿಕ್ಕು ತಿರುಗಿಸಿಬಿಡುತ್ತವೆ. ತಣಿದ ಮೇಲೂ ಅವು ತಾವಾಗಿ ವಾಪಸ್ ತಿರುಗುವುದಿಲ್ಲ. ಇದಕ್ಕೆ ಕಾಂತಗುಣವೇ ಪೂರ್ತಿ ಅಳಿಯುವ 310 ಡಿಗ್ರಿಯ ಕ್ಯೂರಿ ಬಿಂದುವಿನವರೆಗೆ ಕಾಯಬೇಕಿಲ್ಲ.

ತಾಳಿಕೆ ಹೆಚ್ಚಿಸಲು ಕಾರ್ಖಾನೆಯವರು ಡಿಸ್ಪ್ರೋಸಿಯಮ್ ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಲೋಹಗಳಲ್ಲಿ ಅದೂ ಒಂದು. ಎಸ್‌ಎಚ್ ಕೇಳಿದಾಗ ಅಂಗಡಿಯವರು ತಡವರಿಸಿದರೆ ಆಶ್ಚರ್ಯಪಡಬೇಡಿ.

ತುಂಗಾತೀರ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಅಜ್ಜನ ಕಾಲದ ಸೈಕಲ್ ಡೈನಮೋ ಬಿಚ್ಚಿ ಸ್ವಚ್ಛ ಮಾಡಿ ಜೋಡಿಸಿದೆ. ಬಿಸಿ ಗಿಸಿ ಏನೂ ಆಗಿಲ್ಲ, ಆದರೂ ಬಲ್ಬ್ ಮಂಕಾಗಿದೆ. ಅದೂ ಇದೇ ಕಥೆಯಾ?

ಲ್ಯಾಬ್_ಮೇಷ್ಟ್ರು:
ಅಲ್ಲ, ಉಲ್ಟಾ ಕಥೆ. ಹಳೇ ಡೈನಮೋದಲ್ಲಿ ಆಲ್ನಿಕೋ (ಅಲ್ಯೂಮಿನಿಯಮ್, ನಿಕ್ಕಲ್, ಕೋಬಾಲ್ಟ್ ಬೆರೆತ ಹಳೇ ಮಾದರಿ ಮ್ಯಾಗ್ನೆಟ್) ಇರುವ ಸಾಧ್ಯತೆ ಹೆಚ್ಚು. ಆಲ್ನಿಕೋಗೆ ಬಿಸಿ ಲೆಕ್ಕಕ್ಕೇ ಇಲ್ಲ, ಕ್ಯೂರಿ ಬಿಂದುವೇ 800 ಡಿಗ್ರಿ ಆಸುಪಾಸಿನಲ್ಲಿದೆ. ಆದರೆ ಕೊಯರ್ಸಿವಿಟಿ ತೀರಾ ಕಮ್ಮಿ, ನಿಯೋಡಿಮಿಯಮ್‌ನದರ ಹತ್ತನೇ ಒಂದು ಭಾಗವೂ ಇಲ್ಲ. ಸುತ್ತಲಿನ ಕಬ್ಬಿಣದಿಂದ ಹೊರಗೆ ತೆಗೆದರೆ ಸಾಕು, ತನ್ನನ್ನು ತಾನೇ ಸೋಲಿಸಿಕೊಳ್ಳುತ್ತೆ. ತೆಗೆಯುವ ಮೊದಲು ಧ್ರುವಗಳಿಗೆ ಕಬ್ಬಿಣದ ಪಟ್ಟಿ ಅಡ್ಡ ಕೊಡಬೇಕಿತ್ತು. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ವೈಂಡಿಂಗ್_ಭಟ್ಟ:
ಹಳ್ಳದಂಚು ಅವರೇ, 24 ಮ್ಯಾಗ್ನೆಟ್ಟೂ ಬದಲಿಸಲು ಹೊರಡಬೇಡಿ. ಹಿಂದಿನ ಡಿಸ್ಕ್ ಮಾತ್ರ ಸೋತಿರಬಹುದು ಅಂತ ನನ್ನ ಗುಮಾನಿ.

ರಾತ್ರಿ ಪೂರ್ತಿ ತಣಿದ ಮೇಲೆ ಬಿಚ್ಚಿ. ಬಿಸಿ ಇರುವಾಗ ಡಿಸ್ಕ್ ದೂರ ಮಾಡಿದರೆ ಉಳಿದ ಬಲವೂ ಇಳಿಯುತ್ತೆ. ಜ್ಯಾಕ್ ಬೋಲ್ಟ್ (ತಿರುಗಿಸಿದಂತೆ ಡಿಸ್ಕನ್ನು ದೂರ ತಳ್ಳೋ ಬೋಲ್ಟ್) ಹಾಕಿಯೇ ಎತ್ತಿ, ಕೈಯಲ್ಲಿ ಎಳೆಯುವ ಸಾಹಸ ಬೇಡ, ಸಿಕ್ಕ ಬೆರಳು ಜಜ್ಜಿ ಹೋಗುತ್ತೆ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಹತ್ತಿರ ಬರಬಾರದು.

ಅಳೆಯೋಕೆ ಎಸ್‌ಎಸ್49ಇ ಅನ್ನೋ ಹಾಲ್ ಸೆನ್ಸರ್ (ಕಾಂತ ಕ್ಷೇತ್ರವನ್ನು ವೋಲ್ಟ್ ಆಗಿ ತೋರಿಸೋ ಚಿಪ್) ತರಿಸಿ, ದುಬಾರಿ ಏನಲ್ಲ. 5 ವೋಲ್ಟ್ ಕೊಟ್ಟರೆ ಸುಮ್ಮನಿರುವಾಗ 2.5 ತೋರಿಸುತ್ತೆ, ಒಂದು ಧ್ರುವಕ್ಕೆ ಏರುತ್ತೆ, ಇನ್ನೊಂದಕ್ಕೆ ಇಳಿಯುತ್ತೆ. ಮ್ಯಾಗ್ನೆಟ್‌ಗೆ ನೇರ ಹಚ್ಚಿದರೆ ಅದರ ಅಳತೆ ಮೀರುತ್ತೆ, ಹಾಗಾಗಿ ನಡುವೆ ಮರದ ತುಂಡು ಇಡಿ. ಪ್ರತಿ ಮ್ಯಾಗ್ನೆಟ್‌ಗೂ ಅದೇ ತುಂಡು, ಅದೇ ನಡುಮಧ್ಯ. ಇದರಲ್ಲಿ ಹೋಲಿಕೆ ಮಾತ್ರ ಸಿಗುತ್ತೆ, ನಿಜ ಬೆಲೆ ಅಲ್ಲ. ನಮಗೆ ಅಷ್ಟೇ ಸಾಕು.

ಹಳ್ಳದಂಚು:
ನಿಮ್ಮ ಗುಮಾನಿ ಸರಿ. ಮುಂದಿನ ಡಿಸ್ಕಿನಲ್ಲಿ 2.5ರಿಂದ ಆಚೀಚೆ 0.62 ವೋಲ್ಟ್, ಹಿಂದಿನದರಲ್ಲಿ 0.45. ಒಂದೊಂದು ಡಿಸ್ಕಿನೊಳಗೆ ಅಂಥ ವ್ಯತ್ಯಾಸ ಇಲ್ಲ. ಉಳಿದಿದ್ದ ಹಳೇ ಮ್ಯಾಗ್ನೆಟ್ ಯಾವುದೂ ಇಲ್ಲ, ಹೊಸದರ ಅಳತೆ ಗೊತ್ತಿಲ್ಲ. ಹಿಂದಿನದರಲ್ಲಿ ಎರಡರ ಮೂಲೆಯಲ್ಲಿ ನಿಕ್ಕಲ್ ಎದ್ದು ಬೂದಿ ಬಣ್ಣದ ಪುಡಿ ಉದುರುತ್ತಿದೆ.

ಇವಕ್ಕೇ ಮತ್ತೆ ಬಲ ತುಂಬಿಸೋಕೆ ಆಗಲ್ವಾ? ಇಲ್ಲಾಂದ್ರೆ ಸ್ಪೀಕರ್‌ನ ಕಪ್ಪು ಮ್ಯಾಗ್ನೆಟ್ ಹಾಕಿದರೆ? ಅದು ಅಗ್ಗ.

ಲ್ಯಾಬ್_ಮೇಷ್ಟ್ರು:
ಸರಾಸರಿ ಶೇ. 20 ನಷ್ಟ ಅಂದರೆ ಹೊಸದರಲ್ಲಿ ಇದೇ ತುಂಡಿಗೆ 0.67 ಸುಮಾರು ಇದ್ದಿರಬೇಕು. ಮುಂದಿನದು ಶೇ. 7 ಕಳೆದುಕೊಂಡಿದೆ, ಹಿಂದಿನದು ಹತ್ತಿರ ಹತ್ತಿರ ಮೂರನೇ ಒಂದು ಭಾಗ.

ಬಲ ತುಂಬಿಸಬಹುದು, ಲೋಹಕ್ಕೇನೂ ಆಗಿಲ್ಲ. ಆದರೆ 3 ಟೆಸ್ಲಾದ ಆಸುಪಾಸಿನ ಕ್ಷೇತ್ರವನ್ನು ಕ್ಷಣಮಾತ್ರ ಕೊಡುವ ಕೆಪಾಸಿಟರ್ ಯಂತ್ರ ಬೇಕು. ಇನ್ನೊಂದು ಮ್ಯಾಗ್ನೆಟ್ ಉಜ್ಜಿದರೆ ಆಗುವುದಿಲ್ಲ. ತುಂಬಿಸಿದರೂ ಅದೇ 80 ಡಿಗ್ರಿಯ ಮಾಲು, ಮತ್ತೆ ಬಿಸಿಯಾದರೆ ಮತ್ತೆ ಸೋಲು. ಪುಡಿ ಉದುರುವ ಎರಡಕ್ಕಂತೂ ಭವಿಷ್ಯವಿಲ್ಲ. ಲೇಪನ ಒಡೆದರೆ ಮಲೆನಾಡಿನ ತೇವ ಒಳಹೊಕ್ಕು ಕಣಗಳ ನಡುವಿನ ನಿಯೋಡಿಮಿಯಮ್ಮನ್ನು ತಿನ್ನುತ್ತೆ. ಉಬ್ಬಿಕೊಂಡು ಕಾಯಿಲ್‌ಗೆ ತಾಗಿದರೆ ಸ್ಟೇಟರ್ (ಕಾಯಿಲ್ ಇರುವ ಎರಕ) ಕೂಡ ಹೋಯಿತು.

ಸ್ಪೀಕರಿನದು ಫೆರೈಟ್. ನನಗೆ ಇಷ್ಟವಾದ ಮ್ಯಾಗ್ನೆಟ್ ಅದು. ತುಕ್ಕು ಹಿಡಿಯಲ್ಲ, ಬಿಸಿಯಾದಷ್ಟೂ ಅದರ ಕೊಯರ್ಸಿವಿಟಿ ಏರುತ್ತೆ. ಆದರೆ ಬಲ 0.4 ಟೆಸ್ಲಾ, ನಿಮ್ಮದು 1.45. ಈ ಡಿಸ್ಕಿನಲ್ಲಿ ಜಾಗ ಸಾಲದು. ಫೆರೈಟ್‌ಗೆ ಹೊಸ ಜನರೇಟರನ್ನೇ ಕಟ್ಟಬೇಕು.

ಹಿಂದಿನ ಡಿಸ್ಕಿಗೆ ಎನ್42ಎಸ್‌ಎಚ್ ಹಾಕಿ. ಬಲ 1.3 ಟೆಸ್ಲಾ ಸುಮಾರು, ಮುಂದಿನ ಡಿಸ್ಕ್ ಈಗ ಇರುವುದಕ್ಕೆ ಸರಿಜೋಡಿ. ವೋಲ್ಟ್-ಹರ್ಟ್ಜ್ 0.72ಕ್ಕೆ ಬರಬೇಕು. ಉಳಿದದ್ದನ್ನು ಡಿಸ್ಕ್‌ಗಳ ಅಂತರ ಕಮ್ಮಿ ಮಾಡಿ ಎಳೆದುಕೊಳ್ಳಿ.

ವೈಂಡಿಂಗ್_ಭಟ್ಟ:
ಕೂರಿಸುವಾಗ ಒಂದಕ್ಕೊಂದು ಉಲ್ಟಾ ಧ್ರುವ, ಎದುರಿನ ಡಿಸ್ಕಿಗೆ ಆಕರ್ಷಣೆ. ಗುರುತಿಗೆ ದಿಕ್ಸೂಚಿ ನಂಬಬೇಡಿ, ಇಷ್ಟು ಬಲದ ಹತ್ತಿರ ತಂದರೆ ಅದರ ಮುಳ್ಳೇ ಉಲ್ಟಾ ಮ್ಯಾಗ್ನೆಟೈಸ್ ಆಗುತ್ತೆ. ಒಂದು ಮ್ಯಾಗ್ನೆಟ್‌ಗೆ ಮಾರ್ಕರ್‌ನಲ್ಲಿ ಗೀಟು ಹಾಕಿ, ಉಳಿದದ್ದೆಲ್ಲ ಅದರ ಜೊತೆ ನೋಡಿ. ಮತ್ತೆ ಆ ಡ್ರಮ್ಮಿನ ಹಿಂದೆ ತೂತು ಕೊರೆದು ಮೇಲೆ ಮಾಡು ಹಾಕಿ, ಎರಚಲೂ ಬೀಳಬಾರದು, ಗಾಳಿಯೂ ಆಡಬೇಕು. ಇದು ಮಾಡದೆ ಮ್ಯಾಗ್ನೆಟ್ ಆರ್ಡರ್ ಮಾಡಬೇಡಿ.

ಹಳ್ಳದಂಚು:
ಎಲ್ಲ ಆಯಿತು. ಹೊಸದು ಹಾಕಿದ ಮೇಲೆ 0.72, ಎರಡೂ ಕಡೆಯ ಒಂದೊಂದು ವಾಷರ್ ತೆಗೆದ ಮೇಲೆ 0.76. ತಿರುಗುವಾಗ ಎಲ್ಲೂ ತಾಗುತ್ತಿಲ್ಲ. ಬ್ಯಾಟರಿಗೆ 17 ಆಂಪ್ಸ್. ಡ್ರಮ್ಮಿನ ಹಿಂದೆ ಈಗ ಕೈ ಇಡಬಹುದು.

ತೆಗೆದ ಹಳೇ ಮ್ಯಾಗ್ನೆಟ್ ಏನು ಮಾಡಲಿ? ಬಾವಿಗೆ ಬಿದ್ದ ಕೊಡ ಎತ್ತೋಕೆ ಬರುತ್ತಾ?

ವೈಂಡಿಂಗ್_ಭಟ್ಟ:
ಹಿತ್ತಾಳೆ, ತಾಮ್ರದ ಕೊಡ ಹಿಡಿಯೋಲ್ಲ ಮಾರಾಯ್ರೆ, ಸ್ಟೀಲ್ ಕೊಡ ಕೂಡ ಹೆಚ್ಚಿನದು ಹಿಡಿಯೋಲ್ಲ. ಕತ್ತಿ, ಗುದ್ದಲಿ ಬಿದ್ದಿದ್ದರೆ ಸರಿ. ಲೇಪನ ಚೆನ್ನಾಗಿರುವ ಹತ್ತನ್ನು ಹಲಗೆ ತುಂಡು ನಡುವೆ ಇಟ್ಟು ಎತ್ತಿಡಿ. ಚಿಕ್ಕದು ಮಾಡೋಕೆ ಅಂತ ಗ್ರೈಂಡರ್ ಮಾತ್ರ ಹಚ್ಚಬೇಡಿ, ಪುಡಿಗೆ ಬೆಂಕಿ ಹತ್ತಿಕೊಳ್ಳುತ್ತೆ.