ಸ್ಟ್ರೆಂತ್ 80 ಐತೆ, ಕ್ವಾಲಿಟಿ 30, ಬೂಸ್ಟರ್ ಹಾಕಿಸ್ಲಾ?

ಶಿರಾ ಹುಡುಗ: ಕೇಬಲ್ ಬಾಕ್ಸಲ್ಲಿ ಸ್ಟ್ರೆಂತ್ 80 ತೋರುಸ್ತೈತೆ, ಕ್ವಾಲಿಟಿ 30 ದಾಟಲ್ಲ, ಚಿತ್ರ ಚೌಕ ಚೌಕ ಒಡೆದು ನಿಂತೋಗುತ್ತೆ. ಬೂಸ್ಟರ್ (ಸಿಗ್ನಲ್ ಎತ್ತೋ ಡಬ್ಬಿ) ಹಾಕ್ಸಿದವರು ಅನುಭವ ಹೇಳಿ.

ಗುಬ್ಬಿಯವನು: ಹಾಕ್ಸಿ ಕೆಟ್ಟೆ ಕಣಪ್ಪ. ಬೂಸ್ಟರ್ 450, ಕೂಲಿ 200, ತಿಂಗಳಿಗೇ ಅಡಾಪ್ಟರ್ ಸುಟ್ಟು 180, ಒಟ್ಟು 830. ಸ್ಟ್ರೆಂತ್ 95ಕ್ಕೆ ಏರ್ತು, ಕ್ವಾಲಿಟಿ ಇನ್ನೂ ಇಳೀತು, ಯಾಕಂದ್ರೆ ಅದು ಸಿಗ್ನಲ್ ಜೊತೆ ನಾಯ್ಸನ್ನೂ, ಅಂದ್ರೆ ಬೇಡದ ಗದ್ದಲವನ್ನೂ, ಅಷ್ಟೇ ಎತ್ತುತ್ತೆ, ತನ್ನದೂ ಒಂದಿಷ್ಟು ಸೇರಿಸುತ್ತೆ. ಟಿವಿ ಹಿಂದೆ ಇಟ್ಟಿದ್ದೆ, ವೈರಲ್ಲಿ ಸೊರಗಿ ಬಂದಮೇಲೆ ಎತ್ತಿ ಏನು ಬಂತು. ಕೊನೆಗೆ ಕಂಬದಿಂದ 40 ಮೀಟರ್ ಹೊಸ ಆರ್‌ಜಿ-6 ಕೇಬಲ್ ಎಳೆಸ್ದೆ, ಮಳೆನೀರು ಕುಡಿದು ಹಸಿರುಗಟ್ಟಿದ್ದ ಕನೆಕ್ಟರ್ ಕಿತ್ತೆಸೆದೆ, ಆವಾಗ ಸರಿಹೋಯ್ತು. ಆ 830 ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಹಳೇ ಲೈನ್‌ಮ್ಯಾನ್, ತುಮಕೂರು: 14 ವರ್ಷ ಕಂಬ ಹತ್ತಿದೀನಿ. ಒಂದರ ಹಿಂದೊಂದು ಒಂದೇ ಥರದ ಆಂಪ್ಲಿಫೈಯರ್ ಹಾಕ್ತಾ ಹೋದ್ರೆ, ಸಂಖ್ಯೆ ಎರಡರಷ್ಟಾದಾಗೆಲ್ಲ ನಾಯ್ಸ್‌ಗಿಂತ ಸಿಗ್ನಲ್ ಎಷ್ಟು ಮೇಲೈತೆ ಅನ್ನೋ ಲೆಕ್ಕ 3 ಡಿಬಿ (ಡೆಸಿಬೆಲ್) ಕೆಡುತ್ತೆ, ಎಂಟಾದ್ರೆ 9. ಕೊನೇ ಮನೇಲೂ ಮೀಟರ್ 43 ಡಿಬಿಗಿಂತ ಕೆಳಗೆ ಬಿಟ್ಟವನಲ್ಲ ನಾನು. ಅನಲಾಗಲ್ಲಿ ಕೆಟ್ರೂ ಗ್ರೇನ್ಸ್, ಅಂದ್ರೆ ಚುಕ್ಕಿ ಚುಕ್ಕಿ, ಬರ್ತಿತ್ತು ಅಷ್ಟೆ, ಮ್ಯಾಚ್ ನೋಡಬಹುದಿತ್ತು. ಸೆಕೆಂಡಿಗೆ 25 ಫ್ರೇಮ್, ಚುಕ್ಕಿ ಪ್ರತಿ ಫ್ರೇಮಲ್ಲೂ ಬೇರೆ ಕಡೆ ಬೀಳೋದು, ಕಣ್ಣೇ ಸರಾಸರಿ ಮಾಡ್ಕೊಳ್ಳೋದು. ಈ ಡಿಜಿಟಲಲ್ಲಿ ನಾಯ್ಸ್ ಮಿತಿ ದಾಟಿದ್ರೆ ಚಿತ್ರ ಒಂದೇ ಸಲ ಮಂಗಮಾಯ.

ಮಧುಗಿರಿ ಡಿಶ್: ಅಣ್ಣಾ ಗ್ರೇನ್ಸ್‌ನೂ ಹೊಗಳ್ತೀರಲ್ಲ! ಕತ್ತಲೆ ಸೀನಲ್ಲಿ ಯಾರ ಮುಖ ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ, ನಮ್ಮಮ್ಮ ಹತ್ತು ವರ್ಷ ಹಂಗೇ ನೋಡಿದ್ರು. ನಾನು 60 ಸೆಂಟಿಮೀಟರ್ ಡಿಶ್ ತೆಗೆದು 90ದು ಹಾಕ್ದೆ, ಡಿಶ್ 1,600, ಸಿಮೆಂಟು ಪೈಪು ಸೇರಿ 2,350. ಸಿಗ್ನಲ್ ಮೂರೂವರೆ ಡಿಬಿ ಜಾಸ್ತಿ ಸಿಕ್ತು, ಅದೇ ಜಡಿಮಳೇಲೂ ಕಾಪಾಡ್ತೈತೆ.

ಹಳೇ ಲೈನ್‌ಮ್ಯಾನ್: ಕಾಪಾಡಲ್ಲ. ಮಳೆ ಸಿಗ್ನಲ್ ಕುಗ್ಗಿಸೋದಷ್ಟೇ ಅಲ್ಲ, ಆ ನೀರೇ ನಾಯ್ಸ್ ಕೊಡುತ್ತೆ, ಎರಡೂ ಕಡೆಯಿಂದ ಹೊಡೆತ. ಮುಂಗಾರಲ್ಲಿ ಬಂದು ಹೇಳಿ.

ಮಧುಗಿರಿ ಡಿಶ್: ಮೂರು ಮುಂಗಾರು ಆಯ್ತು. ಒಂದ್ಸಲ ಹತ್ತು ನಿಮಿಷ ಹೋಗಿತ್ತು, ಒಪ್ಕೋತೀನಿ. ನಿಮ್ಮ ಲೈನು ಕರೆಂಟ್ ಹೋದ್ರೆ ಇಡೀ ಬೀದಿಗೇ ಹೋಗ್ತಿತ್ತಲ್ಲ?

ಹಳೇ ಲೈನ್‌ಮ್ಯಾನ್: ಅದು ಆಂಪ್ಲಿಫೈಯರ್‌ಗೆ ಕರೆಂಟ್ ಕೊಟ್ಟ ಮನೆಯವರು ಸ್ವಿಚ್ ಆರಿಸ್ತಿದ್ದಿದ್ದು. ನನ್ನ ಮೇಲೆ ಹಾಕ್ಬೇಡಿ.

ಶಿರಾ ಹುಡುಗ: ಕನೆಕ್ಟರ್ ಬಿಚ್ಚಿ ನೋಡ್ದೆ ಅಣ್ಣ. ಹಸಿರುಗಟ್ಟೈತೆ.