ದಾಲ್ ಮಿಲ್ ಆ್ಯಪ್‌ಗೆ ಫಿಕ್ಸ್ ರೇಟ್ ಹೇಳಬೇಕೋ, ದಿನದ ಲೆಕ್ಕ ಹಿಡೀಬೇಕೋ?

ಪ್ರಶ್ನೆ (ಕಲಬುರಗಿ): ನಮಸ್ಕಾರ್ರಿ. ನಾವ್ ಇಬ್ರು ಗೆಳೆಯರು ಸೇರಿ ಸಾಫ್ಟ್‌ವೇರ್ ಕೆಲ್ಸ ಮಾಡ್ತೀವಿ. ಈಗ ಒಬ್ರು ದಾಲ್ ಮಿಲ್ ಮಾಲಕರು ತೊಗರಿ ಖರೀದಿ, ಸ್ಟಾಕು, ಬಿಲ್ಲು, ಹಮಾಲಿ ಲೆಕ್ಕ ಎಲ್ಲಾ ಒಂದೇ ಆ್ಯಪ್‌ದಾಗ ಬೇಕು, ಒಟ್ಟು ಎಷ್ಟ್ ಆಗ್ತದ ಒಂದೇ ಮಾತು ಹೇಳ್ರಿ ಅಂತಾರ. ಹೋದ ವರ್ಷ ಒಂದು ಕೆಲ್ಸ 80 ಸಾವಿರಕ್ಕ ಫಿಕ್ಸ್ ಹಿಡಿದಿದ್ವಿ, ಎರಡು ತಿಂಗಳ ಅಂದದ್ದು ಐದು ತಿಂಗಳ ಎಳೀತು, ದಿನಾ ಒಂದು ಹೊಸಾದು ಸೇರಿಸ್ರಿ ಅಂತಿದ್ರು, ಕೈಯಾಗ ಏನೂ ಉಳೀಲಿಲ್ಲ. ತಾಸಿನ ಲೆಕ್ಕ ಅಂದ್ರ ಇವ್ರು ಅಂಜತಾರ. ಹ್ಯಾಂಗ ಮಾಡ್ಬೇಕ್ರಿ?

ಉತ್ತರ: ಬೋರ್‌ವೆಲ್ ಹೊಡಿಸೋದು ನೋಡೀರಲ್ಲ, ಅಲ್ಲಿ ಯಾರೂ ಇಷ್ಟಕ್ಕ ನೀರು ತಗದು ಕೊಡ್ತೀನಿ ಅನ್ನಂಗಿಲ್ಲ, ಅಡಿಗಿಷ್ಟು ಅಂತಾರ, ಯಾಕಂದ್ರ ನೆಲದ ಕೆಳಗ ಏನದ ಯಾರಿಗೂ ಕಾಣಂಗಿಲ್ಲ. ಅದೇ ಶಹಾಬಾದ್ ಫರಸಿ ಹಾಸೋರು ಕೋಣಿ ಅಳದು ಒಂದೇ ರೇಟ್ ಹೇಳಿಬಿಡ್ತಾರ. ನಿಮ್ ಕೆಲ್ಸದಾಗ ಎರಡೂ ಅವ. ಹೋದ ವರ್ಷ ಎರಡಕ್ಕೂ ಸೇರಿಸಿ ಒಂದೇ ರೇಟ್ ಹಚ್ಚೀರಿ, ಹೊಡತ ಅಲ್ಲೇ ಬಿತ್ತು.

ಅದಕ್ಕ ಮೊದಲ ಒಂದು ವಾರದ ಕೆಲ್ಸ ಬ್ಯಾರೆ ಮಾಡಿ, ಅದಕ್ಕ ಬ್ಯಾರೆ ರೊಕ್ಕ ತಗೊಳ್ರಿ. ಮಿಲ್ಲಿಗಿ ಹೋಗಿ ಕಾಟಾ (ತೂಕದ ಮಷಿನ್) ಹತ್ರ ಕುಂದರ್ರಿ, ಮುನೀಮರ ಖಾತಿ ನೋಡ್ರಿ, ಗಂಜ್‌ದಿಂದ (ಕಾಳಿನ ಮಾರುಕಟ್ಟಿಯಿಂದ) ಬರೋ ಚೀಟಿ, ತೇವಾಂಶಕ್ಕ ಕಡಿತ ಹ್ಯಾಂಗ ಹಾಕ್ತಾರ, ಹಮಾಲಿ ಚೀಲಕ್ಕೋ ಕ್ವಿಂಟಲ್ಲಿಗೋ, ಎಲ್ಲಾ ಬರಕೊಳ್ರಿ. ಈ ವಾರ ತಪ್ಪಿಸಿದ್ರ ಉಳಿದದ್ದೆಲ್ಲಾ ಬರೇ ಅಂದಾಜು ಆಗ್ತದ. ಬರದದ್ದಕ್ಕ ಮಾಲಕರ ಸಹಿ ಆದ ಮ್ಯಾಲ ಖರೀದಿ, ಸ್ಟಾಕು, ಬಿಲ್ಲಿಗಿ ಫಿಕ್ಸ್ ಹೇಳ್ರಿ, ಆ ರೊಕ್ಕ ನಾಕು ಕಂತಿನಾಗ, ಮೊದಲನೇದು ಅಡ್ವಾನ್ಸ್.

ಕಾಟಾ ಮಷಿನ್ ಜೋಡಿ ಆ್ಯಪ್ ಜೋಡ್ಸೋದು, ಹಳೇ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ತರೋದು, ಬ್ಯಾಳಿ ಎಷ್ಟು ನುಚ್ಚು ಎಷ್ಟು ಹೊಟ್ಟು ಎಷ್ಟು ಅನ್ನೋ ಲೆಕ್ಕ, ಇವು ಬೋರ್‌ವೆಲ್ ಇದ್ದಂಗ. ಇಲ್ಲಿ ದಿನದ ರೇಟ್ ಹಿಡೀರಿ, ಆದ್ರ ಮ್ಯಾಲ ಒಂದು ಮಿತಿ ಹಾಕ್ರಿ, 15 ದಿನಕ್ಕಿಂತ ಹೆಚ್ಚು ಆಗೋದಿದ್ರ ನಿಮ್ಮನ್ನ ಕೇಳದಾ ಮುಂದ ಹೋಗಂಗಿಲ್ಲ ಅಂತ ಮಾಲಕರಿಗಿ ಹೇಳ್ರಿ. ಮಾಲಕರ ಅಂಜಿಕಿ ಇದರಿಂದನೇ ಹೋಗ್ತದ.

ಜಿಎಸ್‌ಟಿ ನೋಂದಣಿ ಇದ್ರ 18% ರೇಟಿನ ಮ್ಯಾಲ ಬ್ಯಾರೆ ಅಂತ ಮೊದಲೇ ಬರೀರಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮಿ ಅಂತ ಸರ್ಕಾರದಾಗ ಹೆಸರು ಬರಸೋದು) ಮಾಡಿಸ್ರಿ, 2006ರ ಎಂಎಸ್‌ಎಂಇಡಿ ಕಾಯ್ದೆದಾಗ ಸಣ್ಣ ಉದ್ದಿಮಿಗಿ ಕೊಡೋ ರೊಕ್ಕ 45 ದಿನಕ್ಕಿಂತ ಹೆಚ್ಚು ನಿಲ್ಲಿಸೋಹಂಗಿಲ್ಲ.

ಕಾಮೆಂಟ್ (ಯಾದಗಿರಿ): ನಾ ಕೆಲ್ಸ ಮಾಡಿಸೋ ಕಡಿಯವ. ದಿನದ ಲೆಕ್ಕ ಅಂದ್ರ ಅವ್ರು ಖರೇನ ಕೆಲ್ಸ ಮಾಡ್ಯಾರೋ ಇಲ್ಲೋ ನಮಗ ಹ್ಯಾಂಗ ತಿಳೀಬೇಕು?

ಉತ್ತರ: ನ್ಯಾಯದ ಪ್ರಶ್ನೆರಿ. ಪ್ರತಿ ಶನಿವಾರ ನಡಿಯೋ ಆ್ಯಪ್ ತೋರ್ಸು ಅನ್ರಿ, ಹಾಳ್ಯಾಗಿನ ಲೆಕ್ಕ ಬ್ಯಾಡ. ನಿಮ್ಮ ಮುನೀಮರೇ ಒಂದು ಚೀಟಿ ಹಾಕಿ ನೋಡ್ಲಿ. ಎರಡು ಶನಿವಾರ ಏನೂ ಕಾಣಲಿಲ್ಲಂದ್ರ ಅಲ್ಲೇ ನಿಲ್ಲಿಸ್ರಿ, ಅಲ್ಲಿತನಕದ್ದು ಅಷ್ಟೇ ಕೊಡ್ರಿ.

ಪ್ರಶ್ನೆ ಕೇಳಿದವರು: ನಡುವ ಹೊಸಾದು ಕೇಳಿದ್ರ?

ಉತ್ತರ: ಒಲ್ಲೆ ಅನ್ನಬ್ಯಾಡ್ರಿ. ಎಷ್ಟು ದಿನ, ಎಷ್ಟು ರೊಕ್ಕ ವಾಟ್ಸಾಪಿನಾಗ ಬರದು ಕಳಸ್ರಿ, "ಆಯ್ತು" ಅಂತ ಬಂದ ಮ್ಯಾಲ ಕೆಲ್ಸಕ್ಕ ಕೈ ಹಚ್ರಿ. ತೊಗರಿ ಡಿಸೆಂಬರ್‌ದಾಗ ಬರ್ಲಿಕ್ಕ ಶುರು ಆಗ್ತದ, ಅದಕ್ಕ ಖರೀದಿ ಭಾಗ ನವೆಂಬರ್‌ದಾಗೇ ಮುಗಿಸ್ರಿ.